ಸ್ಕೂಟರಿನ ಕೀ ಯಾರ ಕೈಯಲ್ಲಿ?

ನಿಮ್ಮ ಮನೆಯ ಅಂಗಳದಲ್ಲಿ ಒಂದು ಸ್ಕೂಟರ್ ನಿಂತಿದೆಯೇ? ಇದ್ದರೆ ಒಂದು ನಿಮಿಷ ಯೋಚಿಸಿ ನೋಡಿ. ಅದರ ಆರ್‌ಸಿಯಲ್ಲಿ ಯಾರ ಹೆಸರಿದೆ? ಬೆಳಗಾದರೆ ಗೋಡೆಯ ಮೊಳೆಯಿಂದ ಅದರ ಕೀ ತೆಗೆಯುವವರು ಯಾರು? ಅವರ ಕಿಸೆಯಲ್ಲಿ ಲೈಸನ್ಸ್ ಇದೆಯೇ?

ನಮ್ಮ ಮನೆಯಲ್ಲಿ ಈ ಮೂರು ಪ್ರಶ್ನೆಗಳಿಗೆ ಮೂರು ಬೇರೆ ಬೇರೆ ಉತ್ತರಗಳಿದ್ದವು. ಆರ್‌ಸಿಯಲ್ಲಿದ್ದುದು ನನ್ನ ಹೆಸರು. ಲೈಸನ್ಸ್ ಇದ್ದುದು ಮಕ್ಕಳ ಉಪ್ಪನ ಬಳಿ. ಅವರು ಇರುವುದು ದೂರದ ದಮ್ಮಾಮ್‌ನಲ್ಲಿ. ಸ್ಕೂಟರ್ ಓಡಿಸುತ್ತಿದ್ದುದು ಹದಿನೇಳು ವರ್ಷದ ಮಗ. ಬೆಳಗ್ಗೆ ತಂಗಿಯನ್ನು ಮದ್ರಸಕ್ಕೆ ಬಿಡುವುದು, ಪೇಟೆಯಿಂದ ಮೀನು ತರುವುದು, ಅಜ್ಜಿಯ ಬಿಪಿ ಮಾತ್ರೆ ಮುಗಿದಾಗ ಮೆಡಿಕಲ್‌ಗೆ ಓಡುವುದು ಎಲ್ಲವೂ ಅವನದೇ ಕೆಲಸ. "ಮೈನ್ ರೋಡಿಗೆ ಹೋಗಬೇಡ, ಪೊಲೀಸರು ನಿಂತಿದ್ದರೆ ಒಳದಾರಿಯಲ್ಲಿ ಬಾ" ಎಂದು ನಾನು ದಿನಾ ಅವನಿಗೆ ಬುದ್ಧಿ ಹೇಳುತ್ತಿದ್ದೆ. ತರಗತಿಯಲ್ಲಿ ಮಕ್ಕಳಿಗೆ ಪ್ರಾಮಾಣಿಕತೆಯ ಪಾಠ ಮಾಡುವ ಅಧ್ಯಾಪಿಕೆ ಮನೆಯಲ್ಲಿ ಮಗನಿಗೆ ಕೊಡುತ್ತಿದ್ದ ಬುದ್ಧಿಮಾತು ಇದು! ನೆನೆದರೆ ಈಗ ನಾಚಿಕೆಯಾಗುತ್ತದೆ.

ಕಳೆದ ಮಳೆಗಾಲದ ಒಂದು ಸಂಜೆ ಅಂಗಳದಲ್ಲಿ ರಿಕ್ಷಾ ನಿಂತ ಸದ್ದು ಕೇಳಿ ಹೊರಗೆ ಬಂದೆ. ಮಗ ಕುಂಟುತ್ತಾ ಇಳಿದ. ಹಿಂದಿನಿಂದ ಮಗಳು, ಮೈಯಿಡೀ ಕೆಸರು. ಮುಂದೆ ಹೋಗುತ್ತಿದ್ದ ರಿಕ್ಷಾದವರು ಪ್ರಯಾಣಿಕರನ್ನು ಇಳಿಸಲು ಬ್ರೇಕ್ ಹಾಕಿದಾಗ ಇವನಿಗೆ ನಿಲ್ಲಿಸಲು ಆಗಿರಲಿಲ್ಲ. ಒದ್ದೆ ರಸ್ತೆಯಲ್ಲಿ ಸ್ಕೂಟರ್ ಜಾರಿ ಹೋಗಿ ರಿಕ್ಷಾದ ಹಿಂಬದಿಗೆ ತಾಗಿತ್ತು. ಅಲ್‌ಹಮ್ದುಲಿಲ್ಲಾಹ್, ಮೊಣಕಾಲು ತರಚಿದ್ದು ಬಿಟ್ಟರೆ ಇಬ್ಬರಿಗೂ ಏನೂ ಆಗಿರಲಿಲ್ಲ. ಗಾಬರಿಯಿಂದ ನಾನು ರಿಪೇರಿಯ ಹಣ ಎಷ್ಟೆಂದು ಕೇಳಿದೆ. ಆ ರಿಕ್ಷಾದವರು ಹಣ ಮುಟ್ಟಲಿಲ್ಲ.

"ಅದು ಬಿಡಿ ಟೀಚರ್. ಇವನಿಗೆ ಲೈಸನ್ಸ್ ಉಂಟಾ?" ಎಂದಷ್ಟೇ ಕೇಳಿದರು.

ನನ್ನ ಬಳಿ ಉತ್ತರವಿರಲಿಲ್ಲ. ಅವರು ಹೋದ ಮೇಲೆ ಕೀಯನ್ನು ಮೊಳೆಯಿಂದ ತೆಗೆದು ನನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಆದರೆ ಬೀಗ ಹಾಕಿದರೆ ಮನೆಯ ಕೆಲಸ ನಡೆಯಬೇಕಲ್ಲ? ಬಸ್ಸು ನಮ್ಮ ಊರಿಗೆ ಗಂಟೆಗೊಂದು. ಕೊನೆಗೆ ನಲವತ್ತನಾಲ್ಕರ ವಯಸ್ಸಿನಲ್ಲಿ ನಾನೇ ಕಲಿಯುವುದೆಂದು ತೀರ್ಮಾನಿಸಿದೆ. ಅತ್ತೆಗೆ ಅದು ಹಿಡಿಸಲಿಲ್ಲ. "ಈ ಪ್ರಾಯದಲ್ಲಿ, ಜನ ಏನು ಹೇಳಿಯಾರು?" ಎಂದರು. ನಿಮ್ಮ ಮಗ ದುಡಿಯುವ ದಮ್ಮಾಮ್‌ನಲ್ಲೇ 2018ರ ಜೂನ್ 24ರಿಂದ ಹೆಂಗಸರು ಕಾರು ಓಡಿಸುತ್ತಿದ್ದಾರೆ, ನಾನು ಕೇಳುತ್ತಿರುವುದು ಬರೀ ಸ್ಕೂಟರ್ ಎಂದೆ. ಅವರಿಗೆ ನಗು ಬಂತು. ಚರ್ಚೆ ಅಲ್ಲಿಗೆ ಮುಗಿಯಿತು.

ಕಾನೂನು ಹಿಡಿಯುವುದು ಯಾರನ್ನು?

ಓದಲು ಕುಳಿತಾಗ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ನನ್ನದೇ ತಪ್ಪು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾಗಿ 199ಎ ಎಂಬ ಹೊಸ ಕಲಮು ಸೇರಿದೆ. ಹದಿನೆಂಟು ತುಂಬದ ಮಗು ವಾಹನ ಓಡಿಸಿ ಅಪರಾಧ ಎಸಗಿದರೆ ಅದರ ಹೊಣೆ ಹೆತ್ತವರ ಅಥವಾ ವಾಹನದ ಮಾಲೀಕರ ಮೇಲೆ ಬೀಳುತ್ತದೆ. ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ. ವಾಹನದ ನೋಂದಣಿ ಹನ್ನೆರಡು ತಿಂಗಳ ಕಾಲ ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಎಲ್‌ಎಲ್‌ಆರ್ ಕೂಡಾ ಸಿಗುವುದಿಲ್ಲ. "ನನಗೆ ಗೊತ್ತಿಲ್ಲದೆ ತೆಗೆದುಕೊಂಡು ಹೋದ" ಎಂದು ಹೇಳಿ ಪಾರಾಗುವುದೂ ಸುಲಭವಲ್ಲ. ಹೆತ್ತವರ ಒಪ್ಪಿಗೆಯಿಂದಲೇ ಓಡಿಸಿದ್ದಾನೆಂದು ನ್ಯಾಯಾಲಯ ಭಾವಿಸುತ್ತದೆ. ಅಲ್ಲವೆಂದು ಸಾಬೀತುಪಡಿಸಬೇಕಾದವರು ನಾವೇ.

ಇನ್ನು ವಿಮೆಯ ವಿಷಯ. ಲೈಸನ್ಸ್ ಇಲ್ಲದವನು ಯಾರಿಗಾದರೂ ಗುದ್ದಿದರೆ, ವಿಮಾ ಕಂಪೆನಿ ಗಾಯಾಳುವಿಗೆ ಪರಿಹಾರ ಕೊಟ್ಟರೂ ಆ ಹಣವನ್ನು ಮಾಲೀಕರಿಂದ ವಸೂಲು ಮಾಡಿಕೊಳ್ಳುವಂತೆ ನ್ಯಾಯಾಲಯಗಳು ಆದೇಶಿಸುವುದುಂಟು. ಗಲ್ಫಿನಲ್ಲಿ ಹತ್ತಾರು ವರ್ಷ ಬೆವರು ಸುರಿಸಿ ಕಟ್ಟಿಸಿದ ಮನೆ ಒಂದು ಸಂಜೆಯ ಅಜಾಗರೂಕತೆಗೆ ಹೋಗಬಹುದು. ಹಣದ ಮಾತು ಹಾಗಿರಲಿ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ ನಲವತ್ತನಾಲ್ಕಕ್ಕಿಂತ ಹೆಚ್ಚು ಜನ ದ್ವಿಚಕ್ರ ವಾಹನಗಳಲ್ಲಿದ್ದವರು.

"ಹದಿನಾರಕ್ಕೇ ಲೈಸನ್ಸ್ ಸಿಗುತ್ತದಂತೆ" ಎಂದು ಕೆಲವರು ಹೇಳುವುದನ್ನು ನೀವೂ ಕೇಳಿರಬಹುದು. ಅದು ಅರ್ಧ ಸತ್ಯ. ಹದಿನಾರಕ್ಕೆ ಸಿಗುವುದು 50 ಸಿಸಿ ಮೀರದ ದ್ವಿಚಕ್ರ ವಾಹನಕ್ಕೆ ಮಾತ್ರ. ನಮ್ಮ ಅಂಗಳಗಳಲ್ಲಿ ನಿಂತಿರುವ ಪೆಟ್ರೋಲ್ ಸ್ಕೂಟರುಗಳು ಸಾಮಾನ್ಯವಾಗಿ ನೂರು ಸಿಸಿ ದಾಟಿದವು.

ಓದದೆ ಸಹಿ ಹಾಕುವ ಕಾಗದ

ಎಲ್‌ಎಲ್‌ಆರ್ ಅರ್ಜಿಯನ್ನು ಈಗ 'ಸಾರಥಿ' ಎಂಬ ಸರಕಾರಿ ಜಾಲತಾಣದಲ್ಲಿ ತುಂಬಬೇಕು. ಅದರೊಂದಿಗೆ ನಮೂನೆ 1 ಎಂಬ ಸ್ವಯಂ ಘೋಷಣೆ ಇದೆ. ಅಪಸ್ಮಾರ ಇದೆಯೇ, ಇದ್ದಕ್ಕಿದ್ದಂತೆ ತಲೆ ಸುತ್ತುತ್ತದೆಯೇ, ಹಗಲು ಬೆಳಕಿನಲ್ಲಿ 25 ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟ್ ಓದಬಲ್ಲಿರಾ, ಕೆಂಪು ಮತ್ತು ಹಸಿರು ಬಣ್ಣಗಳ ವ್ಯತ್ಯಾಸ ತಿಳಿಯುತ್ತದೆಯೇ ಎಂದೆಲ್ಲ ಅದರಲ್ಲಿ ಕೇಳಿರುತ್ತಾರೆ. ಸೈಬರ್ ಸೆಂಟರಿನ ಹುಡುಗ ನನ್ನನ್ನು ಕೇಳದೆಯೇ ಚಕಚಕನೆ ತುಂಬುತ್ತಿದ್ದ. "ಸ್ವಲ್ಪ ನಿಲ್ಲಪ್ಪಾ, ನಂಬರ್ ಪ್ಲೇಟ್ ಓದಲಾಗುತ್ತದೆಯೇ ಎಂದು ನನಗೇ ಗೊತ್ತಿಲ್ಲ" ಎಂದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿದ.

ಮರುದಿನ ಶಾಲೆಯಲ್ಲಿ ಪಿಟಿ ಮಾಸ್ಟರರಿಂದ ಅಳತೆಯ ಟೇಪು ಕೇಳಿ ಪಡೆದೆ. ಅಂಗಳದಲ್ಲಿ ನಿಂತಿದ್ದ ಕಾರಿನಿಂದ 25 ಮೀಟರ್ ಅಳೆದು ನಿಂತು ನೋಡಿದರೆ 3 ಯಾವುದು 8 ಯಾವುದು ಎಂದು ನನಗೆ ತಿಳಿಯಲಿಲ್ಲ! ಪುಸ್ತಕ ಓದಲು ತೊಂದರೆಯಿಲ್ಲದ ಕಾರಣ ಕಣ್ಣು ಸರಿಯಿದೆಯೆಂದೇ ಇಷ್ಟು ಕಾಲ ನಂಬಿದ್ದೆ. ಕನ್ನಡಕ ಬಂದದ್ದು ಹೀಗೆ. ನಲವತ್ತು ದಾಟಿದವರು ಡಾಕ್ಟರರ ಸಹಿಯಿರುವ 1-ಎ ನಮೂನೆಯನ್ನೂ ಕೊಡಬೇಕು. ಅದನ್ನೂ ಹಣ ಕೊಟ್ಟು ಮುಖ ನೋಡದೆ ತರಿಸಿಕೊಳ್ಳುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಪರೀಕ್ಷೆ ಇರುವುದು ಆರ್‌ಟಿಒದವರಿಗಾಗಿ ಅಲ್ಲ.

ಬಾಗಿಲು ಹಾಕಿ ಬರೆದ ಪರೀಕ್ಷೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಎಲ್‌ಎಲ್‌ಆರ್ ಸಿಗಬೇಕಾದರೆ ಮೊದಲು ಒಂದು ಪರೀಕ್ಷೆ ಬರೆಯಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 11ನೆಯದು ಇದರ ಬಗ್ಗೆಯೇ ಇದೆ. ರಸ್ತೆ ಸಂಕೇತ, ಸಿಗ್ನಲ್ ಮತ್ತು ರಸ್ತೆಯ ನಿಯಮಗಳು, ಅಪಘಾತವಾದಾಗ ಚಾಲಕನ ಕರ್ತವ್ಯ, ಕಾವಲಿಲ್ಲದ ರೈಲ್ವೆ ಗೇಟು ದಾಟುವಾಗ ವಹಿಸಬೇಕಾದ ಎಚ್ಚರ, ಗಾಡಿಯಲ್ಲಿ ಇರಬೇಕಾದ ದಾಖಲೆಗಳು - ಇಷ್ಟರಲ್ಲಿ ಪ್ರಶ್ನೆಗಳು ಬರುತ್ತವೆ. ಕನಿಷ್ಠ ಶೇ. 60 ಉತ್ತರಗಳು ಸರಿಯಿರಬೇಕು. ನನಗೆ ಬಂದದ್ದು ಹದಿನೈದು ಪ್ರಶ್ನೆಗಳು. ಕನ್ನಡದಲ್ಲಿಯೂ ಬರೆಯಬಹುದು.

ಹಿಂದೆ ಇದಕ್ಕಾಗಿ ಆರ್‌ಟಿಒ ಕಚೇರಿಗೇ ಹೋಗಬೇಕಿತ್ತು. 2021ರಿಂದೀಚೆಗೆ ಆಧಾರ್ ಮೂಲಕ ಗುರುತು ದೃಢಪಡಿಸಿದವರು ಮನೆಯಲ್ಲೇ ಕುಳಿತು ಬರೆಯಬಹುದೆಂದು ಆಗಿದೆ. ಪರೀಕ್ಷೆಗೆ ಮೊದಲು ರಸ್ತೆ ಸುರಕ್ಷತೆಯ ಒಂದು ವೀಡಿಯೊ ನೋಡಬೇಕು. ಮನೆ ಬಿಟ್ಟು ಹೊರಡಲು ಕಷ್ಟವಿರುವ ಹೆಂಗಸರಿಗೆ ಇದೊಂದು ದೊಡ್ಡ ಅನುಕೂಲ. ಅನುಕೂಲವಿದ್ದಲ್ಲಿ ಅಡ್ಡದಾರಿಯೂ ಇರುತ್ತದಲ್ಲವೇ? "ಟೀಚರ್, ನೀವು ಒಟಿಪಿ ಹೇಳಿದರೆ ಸಾಕು, ಪರೀಕ್ಷೆ ನಾವೇ ಮುಗಿಸಿ ಕೊಡುತ್ತೇವೆ, ಇನ್ನೂರು ರೂಪಾಯಿ ಹೆಚ್ಚು" ಎಂದ ಸೈಬರ್ ಸೆಂಟರಿನ ಹುಡುಗ. ಮನೆಗೆ ಬಂದರೆ ಮಗ ಅದಕ್ಕಿಂತಲೂ ಅಗ್ಗದ ಉಪಾಯ ಹೇಳಿದ. "ಉಮ್ಮಾ, ಅವನಿಗೆ ಯಾಕೆ ದುಡ್ಡು? ನಾನೇ ಕ್ಲಿಕ್ ಮಾಡುತ್ತೇನೆ."

ಸುಳ್ಳು ಹೇಳುವುದಿಲ್ಲ, ಒಂದು ಕ್ಷಣ ನನಗೂ ಆಸೆಯಾಯಿತು. ಶಾಲೆಯ ಪೇಪರ್ ತಿದ್ದುವುದು ಬೇರೆ ಬಾಕಿಯಿತ್ತು. ಆಮೇಲೆ ಪರೀಕ್ಷಾ ಕೋಣೆಯಲ್ಲಿ ನಾನು ಎಷ್ಟು ಮಕ್ಕಳ ಕೈಯಿಂದ ಚೀಟಿ ಕಿತ್ತುಕೊಂಡಿದ್ದೇನೆ ಎಂಬುದು ನೆನಪಾಯಿತು. ಒಬ್ಬಳಂತೂ ಅತ್ತುಬಿಟ್ಟಿದ್ದಳು, ಆದರೂ ನಾನು ಬಿಟ್ಟಿರಲಿಲ್ಲ. ಅದಲ್ಲದೆ, ಲೈಸನ್ಸ್ ಇಲ್ಲದ ಮಗನಿಂದ ಗಾಡಿ ಬಿಡಿಸಬೇಕೆಂದು ಹೊರಟವಳು ಅದೇ ಮಗನಿಂದ ಉತ್ತರ ಹೇಳಿಸಿಕೊಂಡು ಪಾಸಾದರೆ ನಾಳೆ ಅವನ ಮುಂದೆ ಯಾವ ಬಾಯಲ್ಲಿ ಮಾತಾಡಲಿ? ಹಾಗಾಗಿ ಪುಸ್ತಕ ಹಿಡಿದೆ.

ಅರಬಿಕ್ ಕಾಲೇಜಿನಲ್ಲಿ ಕಲಿತವಳಿಗೆ ಬಾಯಿಪಾಠ ದೊಡ್ಡ ವಿಷಯವಲ್ಲ. ಪಾಠಗಳನ್ನು ಪುಟದ ಮೇಲೆ ಎಲ್ಲಿದೆ ಎಂಬುದರ ಸಮೇತ ನೆನಪಿಟ್ಟು ಒಪ್ಪಿಸಿದವರು ನಾವು. ಆಮೇಲೆ ಅಂಚೆ ಶಿಕ್ಷಣದಲ್ಲಿ ಬಿಎ ಮಾಡಿದ್ದೂ ಇದೇ ಬಲದಿಂದ. ಪ್ರಶ್ನೋತ್ತರದ ಪುಸ್ತಕ ತರಿಸಿ ನಾಲ್ಕು ರಾತ್ರಿ ಇಶಾ ನಮಾಝಿನ ಬಳಿಕ ಕುಳಿತು ಓದಿದೆ. ಐದನೆಯ ದಿನ ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ ಕಂಪ್ಯೂಟರಿನ ಮುಂದೆ ಕುಳಿತೆ. ಹೊರಗೆ ಮಗ ಕಾಯುತ್ತಿದ್ದ.

ಏಳು ಸರಿ, ಎಂಟು ತಪ್ಪು. ಫೇಲು!

ಬಾಗಿಲು ತೆರೆದಾಗ ಅವನು ನನ್ನ ಮುಖ ನೋಡಿ ಏನೂ ಹೇಳಲಿಲ್ಲ. ಅಡುಗೆಮನೆಗೆ ಹೋಗಿ ಚಹಾ ಮಾಡಿ ತಂದ. ಹೇಳಿದ್ದರೆ ಬೇಸರವಾಗುತ್ತಿತ್ತೋ ಏನೋ, ಅವನ ಆ ಮೌನಕ್ಕೆ ನನಗೆ ಕಣ್ಣು ತುಂಬಿತು.

ಚಿತ್ರಕ್ಕೆ ವ್ಯಾಕರಣವಿದೆ

ಎಡವಿದ್ದು ಎಲ್ಲಿ ಎಂದು ನೋಡಿದೆ. ಅಕ್ಷರದ ಪ್ರಶ್ನೆಗಳು ಹೆಚ್ಚಿನವು ಸರಿಯಾಗಿದ್ದವು. ತಪ್ಪಿದ್ದೆಲ್ಲ ಚಿತ್ರದ ಪ್ರಶ್ನೆಗಳಲ್ಲಿ. ಪುಸ್ತಕದಲ್ಲಿ 'ಉತ್ತರ: ಬಿ' ಎಂದು ಓದಿದವಳಿಗೆ ಪರದೆಯ ಮೇಲೆ ಆಯ್ಕೆಗಳು ಬೇರೆ ಕ್ರಮದಲ್ಲಿ ಬಂದಾಗ ತಲೆ ಕೆಟ್ಟುಹೋಗಿತ್ತು. ನೀವು ಪರೀಕ್ಷೆಗೆ ತಯಾರಾಗುವವರಾದರೆ ಈ ತಪ್ಪನ್ನು ಮಾಡಬೇಡಿ. ಎ, ಬಿ, ಸಿ ನೆನಪಿಡಬೇಡಿ. ಸಂಕೇತಗಳನ್ನು ಒಂದೊಂದಾಗಿ ಉರು ಹೊಡೆಯುವುದೂ ಬೇಡ. ಅವುಗಳಿಗೊಂದು ವ್ಯಾಕರಣವಿದೆ, ಅದು ತಿಳಿದರೆ ಹಿಂದೆಂದೂ ಕಾಣದ ಫಲಕವನ್ನೂ ಓದಬಹುದು.

ಕೆಂಪು ಅಂಚಿನ ತ್ರಿಕೋನ ಎಚ್ಚರಿಸುತ್ತದೆ: ಮುಂದೆ ತಿರುವು ಇದೆ, ಶಾಲೆಯಿದೆ, ಕಿರಿದಾದ ಸೇತುವೆಯಿದೆ, ದನಗಳು ಅಡ್ಡ ಬರುತ್ತವೆ. ವೃತ್ತಾಕಾರದ್ದು ಆಜ್ಞೆ. ಅದರಲ್ಲೂ ಕೆಂಪು ಅಂಚಿದ್ದರೆ ಮಾಡಬೇಡ ಎಂದು, ಪೂರ್ತಿ ನೀಲಿಯ ಮೇಲೆ ಬಿಳಿ ಬಾಣವಿದ್ದರೆ ಹೀಗೇ ಮಾಡು ಎಂದು. ನೀಲಿ ಚೌಕ ಅಥವಾ ಆಯತ ಬರೀ ಮಾಹಿತಿ: ಆಸ್ಪತ್ರೆ, ಪೆಟ್ರೋಲ್ ಬಂಕ್, ಊಟದ ಹೋಟೆಲು. ಈ ಲೆಕ್ಕಕ್ಕೆ ಸಿಗದ ಎರಡು ಮಾತ್ರ ಇವೆ. ಎಂಟು ಮೂಲೆಯ ಕೆಂಪು ಫಲಕ 'ನಿಲ್ಲು' ಎನ್ನುತ್ತದೆ; ತಲೆಕೆಳಗಾದ ತ್ರಿಕೋನ 'ದಾರಿ ಬಿಡು' ಎನ್ನುತ್ತದೆ. ಇವೆರಡಕ್ಕೆ ಬೇರೆ ಆಕಾರ ಕೊಟ್ಟದ್ದೇಕೆ ಗೊತ್ತೇ? ಧೂಳು ಮೆತ್ತಿ ಬಣ್ಣ ಮಾಸಿದ್ದರೂ, ಹಿಂಬದಿಯಿಂದ ನೋಡಿದರೂ ಗುರುತು ಸಿಗುತ್ತದೆ.

ನನ್ನನ್ನು ಬೀಳಿಸಿದ ಒಂದು ಜೋಡಿಯನ್ನು ನಿಮಗೂ ಹೇಳಿಬಿಡುತ್ತೇನೆ. ಕೆಂಪು ಅಂಚಿನ ನೀಲಿ ವೃತ್ತದ ಮೇಲೆ ಒಂದೇ ಕೆಂಪು ಗೀಟು ಇದ್ದರೆ ಗಾಡಿ ಪಾರ್ಕ್ ಮಾಡಬಾರದು. ಎರಡು ಗೀಟು ಕತ್ತರಿಯಂತೆ ಇದ್ದರೆ ನಿಲ್ಲಿಸಲೇಬಾರದು, ಒಬ್ಬರನ್ನು ಇಳಿಸುವಷ್ಟು ಹೊತ್ತೂ ಸಹ.

ಮುಂದಿನ ಹತ್ತು ದಿನ ನಾನು ಪುಸ್ತಕ ಮುಟ್ಟಲಿಲ್ಲ. ಮಗಳನ್ನು ಮದ್ರಸಕ್ಕೆ ನಡೆಸಿಕೊಂಡು ಹೋಗುವಾಗ ದಾರಿಯಲ್ಲಿ ಕಂಡ ಫಲಕವನ್ನೆಲ್ಲ ಇಬ್ಬರೂ ಸೇರಿ ನೋಟುಪುಸ್ತಕದಲ್ಲಿ ಚಿತ್ರ ಬಿಡಿಸಿದೆವು. ಹನ್ನೆರಡು ವರ್ಷಗಳಿಂದ ಅದೇ ರಸ್ತೆಯಲ್ಲಿ ಓಡಾಡುವವಳು ನಾನು. ಅಲ್ಲಿ ಒಂಬತ್ತು ಫಲಕಗಳಿವೆ ಎಂಬುದು ಅಂದೇ ತಿಳಿದದ್ದು. ನಮ್ಮ ಶಾಲೆಯ ಮುಂದೆಯೇ 'ಮುಂದೆ ಶಾಲೆ ಇದೆ' ಎಂಬ ತ್ರಿಕೋನವಿದೆ. ಅದರ ಮೇಲೆ ಯಾರೋ ಶುಭ ಕೋರಿ ಕಟ್ಟಿದ ಫ್ಲೆಕ್ಸ್ ನೇತಾಡುತ್ತಿತ್ತು. ಮಕ್ಕಳನ್ನು ಕರೆದುಕೊಂಡು ಹೋಗಿ ಅದನ್ನು ಬಿಚ್ಚಿಸಿದೆ. ಶುಭ ಕೋರಿದವರಿಗೆ ಸಿಟ್ಟು ಬಂದಿರಬಹುದು.

ಪ್ರಶ್ನೆಯೊಳಗಿನ ಮನುಷ್ಯರು

ನಿಧಾನವಾಗಿ ಓದಿದಾಗ ಆ ಪ್ರಶ್ನೆಗಳಲ್ಲಿ ನನಗೆ ಬೇರೇನೋ ಕಾಣಿಸಿತು. ಯಂತ್ರದ ಬಗ್ಗೆ ಅಲ್ಲಿ ಕೇಳುವುದು ಕಡಿಮೆ. ಹೆಚ್ಚಿನವು ಎದುರಿಗಿರುವ ಮನುಷ್ಯನ ಬಗ್ಗೆ. ಬಿಳಿ ಕೋಲು ಹಿಡಿದ ಅಂಧರೊಬ್ಬರು ರಸ್ತೆ ದಾಟುತ್ತಿದ್ದಾರೆ, ನೀವೇನು ಮಾಡುತ್ತೀರಿ? ಆ ಬಿಳಿ ಕೋಲನ್ನೇ ನಿಲ್ಲುವ ಸಂಕೇತವೆಂದು ತಿಳಿದು ಗಾಡಿ ನಿಲ್ಲಿಸಬೇಕು ಎಂಬುದು ಉತ್ತರ. ನೋಡಿ, ಒಬ್ಬ ಬಡಪಾಯಿಯ ಕೈಯ ಕೋಲಿಗೆ ಪೊಲೀಸರ ಕೈಯಷ್ಟೇ ಅಧಿಕಾರ! ಹಾರ್ನ್ ಹಾಕಿ ಎಚ್ಚರಿಸುವುದು ಎಂಬ ಆಯ್ಕೆಯೂ ಅಲ್ಲಿರುತ್ತದೆ. ನಮ್ಮಲ್ಲಿ ನಿಜವಾಗಿ ನಡೆಯುವುದು ಅದೇ. ಝೀಬ್ರಾ ಪಟ್ಟೆಯ ಬಳಿ ಜನ ಕಾಯುತ್ತಿದ್ದರೆ? ನಿಲ್ಲಬೇಕು, ಅವರು ದಾಟಿದ ಮೇಲೆ ಹೋಗಬೇಕು. ಕಿರಿದಾದ ಸೇತುವೆಗೆ ಆಚೆಯಿಂದ ಒಂದು ವಾಹನ ಪ್ರವೇಶಿಸುತ್ತಿದ್ದರೆ? ಲೈಟು ಮಿನುಗಿಸಿ ನುಗ್ಗುವುದಲ್ಲ, ಅದು ದಾಟುವವರೆಗೆ ಈಚೆ ಕಾಯಬೇಕು.

ಚಾರ್ಮಾಡಿ ಘಾಟಿಯಲ್ಲಿ ಎಷ್ಟೋ ಸಲ ಬಸ್ಸಿನಲ್ಲಿ ಹೋಗಿದ್ದೇನೆ. ಇಕ್ಕಟ್ಟಾದ ತಿರುವಿನಲ್ಲಿ ಎರಡು ಗಾಡಿಗಳು ಮುಖಾಮುಖಿಯಾಗಿ ನಿಂತು ಚಾಲಕರು ಜಗಳವಾಡುವಾಗ ಯಾರದು ತಪ್ಪು ಎಂದು ತಿಳಿಯುತ್ತಿರಲಿಲ್ಲ. ಉತ್ತರ ಪುಸ್ತಕದಲ್ಲಿತ್ತು: ಇಳಿಯುವವನು ಏರುವವನಿಗೆ ದಾರಿ ಬಿಡಬೇಕು. ಏರಿನಲ್ಲಿ ಒಮ್ಮೆ ನಿಂತ ಭಾರದ ಗಾಡಿಯನ್ನು ಮತ್ತೆ ಎಬ್ಬಿಸುವುದು ಕಷ್ಟವಲ್ಲವೇ? ಕಾರಣ ತಿಳಿದರೆ ನಿಯಮ ಮರೆಯುವುದಿಲ್ಲ. ತಿರುವಿನಲ್ಲಿ, ಏರಿನ ತುದಿಯಲ್ಲಿ ಓವರ್‌ಟೇಕ್ ಮಾಡಬಾರದು ಎನ್ನುವುದೂ ಹಾಗೆಯೇ. ಎದುರಿನಿಂದ ಬರುವವರು ಅಲ್ಲಿ ಕಾಣಿಸುವುದೇ ಇಲ್ಲ.

ಕಾವಲಿಲ್ಲದ ರೈಲ್ವೆ ಗೇಟಿನ ಪ್ರಶ್ನೆ ಈಗ ಅನಗತ್ಯವೆನಿಸಬಹುದು. ಬ್ರಾಡ್‌ಗೇಜ್ ಹಳಿಗಳ ಮೇಲಿದ್ದ ಅಂಥ ಗೇಟುಗಳನ್ನೆಲ್ಲ 2019ರ ಜನವರಿಯೊಳಗೆ ರೈಲ್ವೆಯವರು ತೆಗೆದುಬಿಟ್ಟಿದ್ದಾರೆ. ಪರೀಕ್ಷೆಯಲ್ಲಿ ಅದು ಬಂದರೆ ಉತ್ತರ ಇಷ್ಟು: ಗಾಡಿ ನಿಲ್ಲಿಸಿ, ಇಳಿದು ಹಳಿಯವರೆಗೆ ನಡೆದು, ಎರಡೂ ಕಡೆ ರೈಲು ಬರುತ್ತಿಲ್ಲವೆಂದು ನೋಡಿ ಆಮೇಲೆ ದಾಟುವುದು.

ಮದ್ಯದ ಪ್ರಶ್ನೆಯನ್ನು ನಮಗೇಕೆ ಅದು ಎಂದು ಮೊದಲ ಸಲ ಓದದೆ ಬಿಟ್ಟಿದ್ದೆ. ಅದೇ ಬಂತು! ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಅಪರಾಧ. ಕುಡಿಯದವರಿಗೂ ಇದು ತಿಳಿದಿರಲಿ.

ಎಲ್ಲಕ್ಕಿಂತ ಹೆಚ್ಚು ಹೊತ್ತು ನಾನು ಕುಳಿತದ್ದು ಅಪಘಾತದ ಪ್ರಶ್ನೆಯ ಮುಂದೆ. ನಿಮ್ಮ ಗಾಡಿಯಿಂದ ಯಾರಿಗಾದರೂ ಗಾಯವಾದರೆ ನಿಮ್ಮ ಮೊದಲ ಕೆಲಸ ಅವರಿಗೆ ಚಿಕಿತ್ಸೆ ಸಿಗುವಂತೆ ಮಾಡುವುದು. ಪೊಲೀಸ್ ಠಾಣೆಗೆ ಆದಷ್ಟು ಬೇಗ, ಏನೇ ಆದರೂ 24 ಗಂಟೆಯೊಳಗೆ ತಿಳಿಸಬೇಕು. ಜನ ಸೇರಿ ಹೊಡೆಯುವ ಭಯವಿದ್ದರೆ ಆ ಮಾತು ಬೇರೆ. ಕಾನೂನು ಅದನ್ನೂ ಅರ್ಥಮಾಡಿಕೊಂಡಿದೆ. ಆದರೆ ಗಾಯಾಳುವನ್ನು ಬಿಟ್ಟು ಓಡುವುದು ಗುದ್ದಿದ್ದಕ್ಕಿಂತ ದೊಡ್ಡ ತಪ್ಪು. ಮಗನಿಗೆ ಈ ಪ್ರಶ್ನೆ ಓದಿ ಹೇಳಿ, "ಆ ದಿನ ರಿಕ್ಷಾದಲ್ಲಿದ್ದ ಯಾರಿಗಾದರೂ ಪೆಟ್ಟಾಗಿದ್ದರೆ ನೀನು ಏನು ಮಾಡುತ್ತಿದ್ದೆ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಓಡುತ್ತಿದ್ದೆನೋ ಏನೋ ಉಮ್ಮಾ. ಲೈಸನ್ಸ್ ಇರಲಿಲ್ಲವಲ್ಲ" ಎಂದ. ಲೈಸನ್ಸ್ ಇಲ್ಲದವನ ಕೈಗೆ ಕೀ ಕೊಡುವುದೆಂದರೆ ಏನೆಂದು ನನಗೆ ನಿಜವಾಗಿ ಅರ್ಥವಾದದ್ದು ಆ ಉತ್ತರದಿಂದ, 199ಎ ಕಲಮಿನಿಂದಲ್ಲ.

ದಾರಿಯಲ್ಲಿ ಬಿದ್ದವರನ್ನು ಎತ್ತಿ ಆಸ್ಪತ್ರೆಗೆ ಸೇರಿಸಲು ಹೆದರುವವರಿಗೂ ಒಂದು ಮಾತು. 2019ರ ತಿದ್ದುಪಡಿಯಲ್ಲಿ ಅಂಥವರಿಗೆ ರಕ್ಷಣೆಯಿದೆ. ಸದುದ್ದೇಶದಿಂದ ನೆರವಾದವರ ಮೇಲೆ ಕೇಸು ಹಾಕುವಂತಿಲ್ಲ. ಹೆಸರು, ವಿಳಾಸ ಹೇಳಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ.

ಬುರ್ಖಾ, ದುಪ್ಪಟ್ಟಾ ಮತ್ತು ಹಿಂಬದಿಯ ಚಕ್ರ

ಇದು ಪರೀಕ್ಷೆಯಲ್ಲಿ ಬರುತ್ತದೋ ಇಲ್ಲವೋ, ಸಹೋದರಿಯರಿಗೆ ಹೇಳದೆ ಮುಂದೆ ಹೋಗಲಾರೆ. ದ್ವಿಚಕ್ರ ವಾಹನದ ಹಿಂದೆ ಕೂರುವವರ ಬಟ್ಟೆ ಚಕ್ರಕ್ಕೆ ಸಿಕ್ಕಿಕೊಳ್ಳದಂತೆ ಹಿಂಬದಿಯ ಚಕ್ರದ ಅರ್ಧ ಭಾಗವನ್ನಾದರೂ ಮುಚ್ಚುವ ತಡೆ ಇರಲೇಬೇಕೆಂದು 123ನೇ ನಿಯಮ ಹೇಳುತ್ತದೆ. ಹಿಡಿದುಕೊಳ್ಳಲು ಹಿಡಿ, ಕಾಲಿಡಲು ಜಾಗವೂ ಇರಬೇಕು. ಗಾಡಿ ಚೆಂದ ಕಾಣಲಿ ಎಂದು ನಮ್ಮ ಹುಡುಗರು ಮೊದಲು ಬಿಚ್ಚಿ ಎಸೆಯುವುದು ಅದೇ ತಡೆಯನ್ನು. ನಿಮ್ಮ ಮನೆಯ ಬೈಕನ್ನು ಇವತ್ತೇ ಹೋಗಿ ನೋಡಿ. ಬುರ್ಖಾದ ಅಂಚು, ದುಪ್ಪಟ್ಟಾ, ಸೀರೆಯ ಸೆರಗು ಇವುಗಳನ್ನು ಗಟ್ಟಿಯಾಗಿ ಮಡಚಿ ಕೂರುವ ಅಭ್ಯಾಸ ಮಾಡಿಕೊಳ್ಳಿ. ತಲೆವಸ್ತ್ರದ ಮೇಲೆ ಹೆಲ್ಮೆಟ್ ಧಾರಾಳವಾಗಿ ಹಾಕಬಹುದು. ಅಂಗಡಿಯಲ್ಲಿ ವಸ್ತ್ರ ಕಟ್ಟಿಕೊಂಡೇ ಅಳತೆ ನೋಡಿ ಕೊಳ್ಳಿ, ಒಳಗೆ ಪಿನ್ನು ಬೇಡ.

ನಾಲ್ಕು ವರ್ಷ ದಾಟಿದ ಮಗುವಿಗೂ ಹೆಲ್ಮೆಟ್ ಕಡ್ಡಾಯ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಕ್ಕಳ ಬಗ್ಗೆ 2022ರಲ್ಲಿ ಹೊಸ ನಿಯಮ ಬಂತು: ಮಗುವನ್ನು ಓಡಿಸುವವರಿಗೆ ಕಟ್ಟುವ ಪಟ್ಟಿ ಬೇಕು, ಮಗುವಿಗೆ ತಕ್ಕ ಹೆಲ್ಮೆಟ್ ಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು. ಮುಂದೆ ಒಂದು, ನಡುವೆ ಒಂದು, ಹಿಂದೆ ತಾಯಿ, ಅವಳ ಮಡಿಲಲ್ಲಿ ಇನ್ನೊಂದು - ಹೀಗೆ ಮದುವೆಗೆ ಹೊರಟ ಕುಟುಂಬಗಳನ್ನು ನೋಡಿ ನಾವೆಲ್ಲ ನಕ್ಕು ಸುಮ್ಮನಾಗಿದ್ದೇವೆ. ಓಡಿಸುವವರಲ್ಲದೆ ಒಬ್ಬರೇ ಎಂಬುದು ಕಾನೂನು.

ಎರಡನೆಯ ಸಲ

ಎರಡನೆಯ ಸಲವೂ ಬಾಗಿಲಿಗೆ ಚಿಲಕ ಹಾಕಿಯೇ ಕುಳಿತೆ. ಹದಿನೈದರಲ್ಲಿ ಹದಿಮೂರು ಸರಿ. ಎಲ್‌ಎಲ್‌ಆರ್ ಬಂತು. ಮಕ್ಕಳ ಉಪ್ಪನಿಗೆ ಫೋಟೊ ಕಳುಹಿಸಿದೆ. "ಇನ್ನು ರಜೆಯಲ್ಲಿ ಬಂದಾಗ ನಾನು ಹಿಂದೆ ಕೂರಬೇಕೋ?" ಎಂದು ಕೇಳಿದರು.

ಎಲ್‌ಎಲ್‌ಆರ್ ಬಂದರೆ ಎಲ್ಲ ಬಂತು ಎಂದು ತಿಳಿಯುವವರಿದ್ದಾರೆ. ಹಾಗಲ್ಲ. ಅದರ ಅವಧಿ ಆರು ತಿಂಗಳು. ಮೂವತ್ತು ದಿನ ಕಳೆದ ಮೇಲಷ್ಟೇ ಗಾಡಿ ಓಡಿಸಿ ತೋರಿಸುವ ಪರೀಕ್ಷೆಗೆ ಹೋಗಬಹುದು. ಅಲ್ಲಿಯವರೆಗೆ ಬಿಳಿಯ ಮೇಲೆ ಕೆಂಪಿನ 'ಎಲ್' ಅಕ್ಷರ ಗಾಡಿಯ ಹಿಂದೆಯೂ ಮುಂದೆಯೂ ಇರಬೇಕು. ಕಲಿಸುವವರಿಗೆ ಲೈಸನ್ಸ್ ಇರಬೇಕು. ಸ್ಕೂಟರ್ ಕಲಿಯುವವರು ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸುವಂತಿಲ್ಲ. ಇದು ಓದಿದಾಗ ಮಗಳು ಅಳುಮುಖ ಮಾಡಿದಳು. ಮರುದಿನದಿಂದಲೇ ಮದ್ರಸಕ್ಕೆ ಸ್ಕೂಟರಿನಲ್ಲಿ ಹೋಗಬಹುದೆಂದು ಅವಳು ಗೆಳತಿಯರಿಗೆಲ್ಲ ಹೇಳಿ ಬಂದಿದ್ದಳು. ಎರಡು ತಿಂಗಳು ನಡೆದೇ ಹೋದೆವು. ನನ್ನ ತಮ್ಮ ಭಾನುವಾರಗಳಂದು ಬಂದು ಶಾಲೆಯ ಮೈದಾನದಲ್ಲಿ ಕಲಿಸಿದ. ಎಂಟು ಅಕ್ಷರದಂತೆ ಸುತ್ತು ಹೊಡೆಯುವಾಗ ಒಮ್ಮೆ ಬಿದ್ದೆ. ಅದೂ ಮಾವಿನ ಮರದ ಬುಡದಲ್ಲಿ, ಶಾಲೆಯ ಅಡುಗೆಯವರ ಎದುರೇ.

ಈಗ ಆರ್‌ಸಿಯಲ್ಲೂ ಲೈಸನ್ಸಿನಲ್ಲೂ ಒಂದೇ ಹೆಸರಿದೆ. ಕೀ ಮತ್ತೆ ಗೋಡೆಯ ಮೊಳೆಗೆ ಬಂದಿದೆ. ದಾಖಲೆಗಳನ್ನು ಡಿಜಿಲಾಕರ್‌ನಲ್ಲಿ ಇಟ್ಟುಕೊಂಡಿದ್ದೇನೆ. ಒಳದಾರಿ ಹಿಡಿಯಬೇಕಾಗಿಲ್ಲ. ಪೇಟೆಯ ಸ್ಟ್ಯಾಂಡಿನಲ್ಲಿ ಆ ರಿಕ್ಷಾದವರು ಒಮ್ಮೆ ಸಿಕ್ಕಿದಾಗ "ಈಗ ಉಂಟು" ಎಂದು ನಾನೇ ಹೇಳಿದೆ. ಅವರಿಗೆ ಮೊದಲು ಅರ್ಥವಾಗಲಿಲ್ಲ, ಆಮೇಲೆ ನಕ್ಕರು.

ಮುಂದಿನ ತಿಂಗಳು ಮಗನಿಗೆ ಹದಿನೆಂಟು ತುಂಬುತ್ತದೆ. ಅರ್ಜಿಗೆ ಬೇಕಾದ ಕಾಗದಗಳನ್ನೆಲ್ಲ ಈಗಲೇ ಹೊಂದಿಸಿಟ್ಟಿದ್ದಾನೆ. ನಾನೂ ಮಗಳೂ ಚಿತ್ರ ಬಿಡಿಸಿದ ಆ ನೋಟುಪುಸ್ತಕವನ್ನು ಎರಡು ಸಲ ಕೇಳಿದ. ಕೊಡಲಿಲ್ಲ. ಖಾಲಿ ನೋಟುಪುಸ್ತಕವೊಂದನ್ನು ಕೊಟ್ಟು, ತಂಗಿಯನ್ನು ಕರೆದುಕೊಂಡು ಮದ್ರಸದವರೆಗೆ ನಡೆದು ಹೋಗಿ ಬಾ ಎಂದಿದ್ದೇನೆ.